ಗಂಟಲು ಕಟ್ಟಿದಾಗ ಒಳಗೆ ನಡೆಯುವುದೇನು?



ದನಿ ಕೆಡುವುದನ್ನು ಹೇಳಲು ನಮ್ಮ ಭಾಷೆಯಲ್ಲಿ ಎಷ್ಟೊಂದು ಮಾತುಗಳಿವೆ! ಗಂಟಲು ಕಟ್ಟಿತು, ದನಿ ಒಡೆಯಿತು, ಸ್ವರ ಬಿದ್ದುಹೋಯಿತು, ಕಂಠ ಕೂತಿತು ಎನ್ನುತ್ತೇವೆ. ಇಷ್ಟು ಮಾತುಗಳಿದ್ದರೂ, ಕಟ್ಟಿದ ಗಂಟಲಿನ ಒಳಗೆ ನಿಜವಾಗಿ ಏನು ನಡೆಯುತ್ತದೆ ಎಂಬ ಪ್ರಶ್ನೆಗೆ ಖಚಿತವಾದ ಉತ್ತರ ದೊರೆಯತೊಡಗಿದ್ದು ತೀರ ಈಚೆಗೆ. ನಿಮ್ಮಲ್ಲಿ ಅನೇಕರು ಈಗ ಶಿಕ್ಷಕವೃತ್ತಿಯಲ್ಲಿದ್ದೀರಿ, ಕೆಲವರು ಹಾಡುವವರು, ಇನ್ನು ಕೆಲವರು ದಿನವಿಡೀ ದೂರವಾಣಿಯಲ್ಲಿ ಮಾತನಾಡಿ ಸಂಬಳ ಪಡೆಯುವವರು. ದನಿಯೇ ನಿಮ್ಮ ಬಂಡವಾಳ. ಆದ್ದರಿಂದ ಈ ಜ್ಞಾನ ಮನುಷ್ಯನಿಗೆ ಹೇಗೆ ದಕ್ಕಿತು, ಅದರಿಂದ ನಾವು ತಿಳಿಯಬೇಕಾದುದೇನು ಎಂಬ ಇತಿಹಾಸವನ್ನು ಈ ಸಲ ಬರೆಯಲು ಕುಳಿತಿದ್ದೇನೆ.

ಮೊದಲು 'ಉರಿಯೂತ' ಎಂಬ ಶಬ್ದವನ್ನು ನೋಡೋಣ. ಉರಿ ಮತ್ತು ಊತ ಎಂಬ ಎರಡು ಪದಗಳು ಸೇರಿ ಆದ ಸಮಾಸವಿದು. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಉರಿಯೂತಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದನು: ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋಯುವುದು. ಆ ನಾಲ್ಕರಲ್ಲಿ ಎರಡನ್ನು ನಮ್ಮ ಒಂದೇ ಕನ್ನಡ ಪದ ಹೊತ್ತುಕೊಂಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರುಡಾಲ್ಫ್ ಫಿರ್ಖೋ ಐದನೆಯ ಲಕ್ಷಣಕ್ಕೆ ಒತ್ತುಕೊಟ್ಟನು: ಅಂಗವು ತನ್ನ ಕೆಲಸವನ್ನು ಮಾಡಲಾರದೆ ಹೋಗುವುದು. ಕಾಲು ಊದಿದರೆ ಮೊದಲು ಕಣ್ಣಿಗೆ ಕಾಣುತ್ತದೆ, ಆಮೇಲೆ ನಡಿಗೆ ಕುಂಟುತ್ತದೆ. ಧ್ವನಿಪೆಟ್ಟಿಗೆಯ ವಿಷಯದಲ್ಲಿ ಇದು ತಿರುಗುಮುರುಗು. ಕೆಂಪು ಕಾಣದು, ಊತ ಕಾಣದು, ಎಷ್ಟೋ ವೇಳೆ ನೋವೂ ಇರದು. ಐದನೆಯ ಲಕ್ಷಣವೇ ಮೊದಲು ಬಂದು ಬಾಗಿಲು ತಟ್ಟುತ್ತದೆ. ದನಿ ಹೊರಡುವುದಿಲ್ಲ. ಈ ಕಾರಣದಿಂದಲೇ ಸ್ವರದೋಷದ ಶಾಸ್ತ್ರ ಬಹುಕಾಲ ಕತ್ತಲಲ್ಲಿ ತಡಕಾಡಬೇಕಾಯಿತು.

ತಡಕಾಟ ನಮ್ಮಲ್ಲಿಯೂ ಹಳೆಯದೇ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಸ್ವರಭೇದಕ್ಕೆಂದೇ ಒಂದು ಅಧ್ಯಾಯವಿದೆ. ಅದರಲ್ಲಿ ಆರು ಬಗೆಗಳನ್ನು ಎಣಿಸಿ, ಕಾರಣಗಳ ಸಾಲಿನಲ್ಲಿ ಅತಿಯಾಗಿ ಗಟ್ಟಿಯಾಗಿ ಮಾತನಾಡುವುದನ್ನೂ, ಗಟ್ಟಿಯಾಗಿ ಅಧ್ಯಯನ ಮಾಡುವುದನ್ನೂ ಸೇರಿಸಲಾಗಿದೆ. ಗುರುವೂ ಶಿಷ್ಯನೂ ದಿನವೆಲ್ಲ ಪಾಠವನ್ನು ಬಾಯಿಬಿಟ್ಟು ಹೇಳುತ್ತಿದ್ದ ಕಾಲದಲ್ಲಿ ಈ ಕಾಯಿಲೆ ಮೇಷ್ಟರ ಕಾಯಿಲೆಯೇ ಆಗಿತ್ತೆಂದು ಊಹಿಸುವುದು ಕಷ್ಟವಲ್ಲ. ಕಾರಣವನ್ನು ಹಿರಿಯರು ಸರಿಯಾಗಿಯೇ ಗುರುತಿಸಿದ್ದರು. ಆದರೆ ಆ ಕಾರಣವು ಒಳಗೆ ಹೋಗಿ ಮಾಡುವ ಕೆಲಸವನ್ನು ಕಾಣುವ ಉಪಾಯ ಅವರ ಬಳಿಯೂ ಇರಲಿಲ್ಲ, ಗ್ರೀಸಿನ ವೈದ್ಯರ ಬಳಿಯೂ ಇರಲಿಲ್ಲ.

ಆ ಉಪಾಯವನ್ನು ಜಗತ್ತಿಗೆ ಜನಪ್ರಿಯಗೊಳಿಸಿದವನು ವೈದ್ಯನಲ್ಲ, ಒಬ್ಬ ಸಂಗೀತದ ಮೇಷ್ಟ್ರು. ಹೆಸರು ಮಾನ್ವೆಲ್ ಗಾರ್ಸಿಯಾ. 1805ರಲ್ಲಿ ಸ್ಪೇನಿನಲ್ಲಿ ಹುಟ್ಟಿದವನು. ತಂದೆ ಪ್ರಸಿದ್ಧ ಗಾಯಕ. ತಂಗಿಯರಾದ ಮರಿಯಾ ಮಾಲಿಬ್ರಾನ್ ಮತ್ತು ಪೋಲಿನ್ ವಿಯಾರ್ಡೋ ಯುರೋಪಿನ ಮನೆಮಾತಾದ ಗಾಯಕಿಯರು. ಗಾರ್ಸಿಯಾ ಎಳೆಯ ವಯಸ್ಸಿನಲ್ಲಿಯೇ ರಂಗದ ಮೇಲೆ ಹಾಡುವುದನ್ನು ಬಿಟ್ಟು ಬೋಧನೆಗೆ ಇಳಿದನು. ಮೊದಲು ಪ್ಯಾರಿಸ್, ಆಮೇಲೆ ಲಂಡನ್. ಹಾಡುವವನ ಗಂಟಲೊಳಗೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಅವನನ್ನು ವರ್ಷಗಟ್ಟಲೆ ಕಾಡಿತ್ತು. 1854ರ ರಜೆಯಲ್ಲಿ ಪ್ಯಾರಿಸಿನ ಪಾಲೇ ರೋಯಾಲ್ ಆವರಣದಲ್ಲಿ ಅಡ್ಡಾಡುತ್ತಿದ್ದಾಗ ಕಿಟಕಿಯ ಗಾಜುಗಳ ಮೇಲೆ ಬಿಸಿಲು ಮಿಂಚಿತು. ಒಂದು ಕನ್ನಡಿಯ ಬೆಳಕನ್ನು ಇನ್ನೊಂದು ಕನ್ನಡಿಗೆ ಬೀರಿದರೆ ಹೇಗೆ ಎಂದು ಹೊಳೆಯಿತು. ಕೂಡಲೇ ವೈದ್ಯಕೀಯ ಸಲಕರಣೆ ಮಾಡುವ ಶಾರ್ಯೇರ್ ಅಂಗಡಿಗೆ ಹೋಗಿ, ಯಾರೂ ಕೊಳ್ಳದೆ ಉಳಿದಿದ್ದ ಉದ್ದ ಹಿಡಿಯ ದಂತವೈದ್ಯರ ಪುಟ್ಟ ಕನ್ನಡಿಯೊಂದನ್ನು ಆರು ಫ್ರಾಂಕು ಕೊಟ್ಟು ತಂದನು. ಅದನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಕಿರುನಾಲಿಗೆಗೆ ತಾಗುವಂತೆ ಹಿಡಿದು, ಮತ್ತೊಂದು ಕೈಗನ್ನಡಿಯಿಂದ ಅದರ ಮೇಲೆ ಬಿಸಿಲು ಬಿಟ್ಟನು. ತನ್ನದೇ ಗಂಟಲಿನಲ್ಲಿ ಧ್ವನಿತಂತುಗಳು ತೆರೆದುಕೊಳ್ಳುವುದೂ ಮುಚ್ಚಿಕೊಳ್ಳುವುದೂ ಅವನಿಗೆ ಸ್ಪಷ್ಟವಾಗಿ ಕಂಡಿತು. ಈ ಅವಲೋಕನಗಳನ್ನು 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಡಲಾಯಿತು. 1905ರಲ್ಲಿ ಅವನಿಗೆ ನೂರು ತುಂಬಿದಾಗ ವೈದ್ಯಲೋಕ ಲಂಡನ್ನಿನಲ್ಲಿ ಸೇರಿ ಆ ಸಂಗೀತಗುರುವನ್ನು ಸನ್ಮಾನಿಸಿತು. ಮರುವರ್ಷ ಅವನು ತೀರಿಕೊಂಡನು.

ಗಾರ್ಸಿಯಾನಿಗಿಂತ ಮೊದಲು, 1829ರಲ್ಲಿ, ಲಂಡನ್ನಿನ ಬೆಂಜಮಿನ್ ಬ್ಯಾಬಿಂಗ್ಟನ್ ಎಂಬ ವೈದ್ಯ ಇಂಥದೇ ಒಂದು ಉಪಕರಣವನ್ನು ತೋರಿಸಿದ್ದನು. ಆದರೆ ಅದು ಬಳಕೆಗೆ ಬರಲಿಲ್ಲ. ಗಾರ್ಸಿಯಾನ ಕನ್ನಡಿಯಾದರೋ ಬೇಗನೆ ವಿಯೆನ್ನಾ ನಗರದಲ್ಲಿ ಚಿಕಿತ್ಸೆಯ ಸಾಧನವಾಯಿತು. ಲುಡ್ವಿಗ್ ಟ್ಯೂರ್ಕ್ ಎಂಬ ವೈದ್ಯ 1857ರಲ್ಲಿ ರೋಗಿಗಳ ಗಂಟಲು ನೋಡಲು ಇಂಥ ಕನ್ನಡಿಯನ್ನು ಬಳಸಿದನು. ಮೋಡ ಕವಿದು ಬಿಸಿಲು ಮಾಯವಾದಾಗ ಕೆಲಸ ನಿಂತಿತು. ಯೋಹಾನ್ ಚೆರ್ಮಾಕ್ ಎಂಬ ಶರೀರಶಾಸ್ತ್ರಜ್ಞ ಆ ಕನ್ನಡಿಗಳನ್ನೇ ಎರವಲು ಪಡೆದು, ಬಿಸಿಲಿಗೆ ಬದಲಾಗಿ ದೀಪದ ಬೆಳಕನ್ನು ಬಳಸಿ ಗೆದ್ದನು. ಇವರಲ್ಲಿ ಮೊದಲಿಗರು ಯಾರು ಎಂಬ ಜಗಳ ವರ್ಷಗಳ ಕಾಲ ನಡೆಯಿತು. ಜಗಳದ ಕಾವಿನಲ್ಲಿ ಹೊಸದೊಂದು ವೈದ್ಯಶಾಖೆಯೇ ಹುಟ್ಟಿಬಿಟ್ಟಿತು.

ಆದರೆ ಕಂಡದ್ದೆಲ್ಲ ತಿಳಿದಂತಾಯಿತೇ? ಇಲ್ಲವೆಂಬುದಕ್ಕೆ ಒಂದು ಸಾಮ್ರಾಜ್ಯವೇ ಸಾಕ್ಷಿಯಾಯಿತು. 1887ರ ಜನವರಿಯಲ್ಲಿ ಜರ್ಮನಿಯ ಯುವರಾಜ ಫ್ರೆಡ್ರಿಕ್‌ನ ದನಿ ಒಡೆಯಿತು. ಮೊದಲಿಗೆ ಅದು ಸಾಮಾನ್ಯ ಶೀತವೆಂದೇ ತೋರಿತು. ಮಾರ್ಚಿಯಲ್ಲಿ ಎಡ ಧ್ವನಿತಂತುವಿನ ಮೇಲೆ ಚಿಕ್ಕ ಬೆಳವಣಿಗೆಯೊಂದು ಕಂಡಿತು. ಕಾದ ತಂತಿಯಿಂದ ಸುಟ್ಟರೂ ಮರಳಿ ಬಂದಿತು. ಮೇ ತಿಂಗಳಲ್ಲಿ ಜರ್ಮನ್ ವೈದ್ಯರು ಶಸ್ತ್ರಕ್ರಿಯೆ ಆಗಲೇಬೇಕೆಂದರು. ಲಂಡನ್ನಿನಿಂದ ಬಂದ ಗಂಟಲುತಜ್ಞ ಮೊರೆಲ್ ಮೆಕೆಂಜಿ ಮಾದರಿಯ ಚೂರುಗಳನ್ನು ತೆಗೆದು, ಮೇಲೆ ಹೇಳಿದ ಫಿರ್ಖೋಗೇ ಕಳಿಸಿದನು. ಆ ಚೂರುಗಳಲ್ಲಿ ಅರ್ಬುದದ ಗುರುತು ಫಿರ್ಖೋಗೆ ಕಾಣಲಿಲ್ಲ. ಶಸ್ತ್ರಕ್ರಿಯೆ ನಿಂತಿತು. ನವೆಂಬರಿನಲ್ಲಿ ಅರ್ಬುದವೆಂದು ಖಚಿತವಾಗುವ ಹೊತ್ತಿಗೆ ಕಾಲ ಮೀರಿತ್ತು. 1888ರ ಫೆಬ್ರವರಿಯಲ್ಲಿ ಉಸಿರಾಟಕ್ಕಾಗಿ ಶ್ವಾಸನಾಳಕ್ಕೆ ರಂಧ್ರ ಮಾಡಬೇಕಾಯಿತು. ಮಾರ್ಚಿಯಲ್ಲಿ ತಂದೆ ತೀರಿಕೊಂಡು ಇವನು ಚಕ್ರವರ್ತಿಯಾದಾಗ ಬಾಯಲ್ಲಿ ಮಾತಿರಲಿಲ್ಲ. ಚೀಟಿಗಳಲ್ಲಿ ಬರೆದೇ ಆಳಬೇಕಾಯಿತು. ಆಳಿದ್ದು 99 ದಿನ. ಜೂನ್ 15ರಂದು ಪ್ರಾಣ ಹೋಯಿತು. ಅವನ ಮಗನೇ, ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯನ್ನು ಆಳುತ್ತಿದ್ದ ಎರಡನೆಯ ವಿಲ್ಹೆಲ್ಮ್. ನಿಮಗೆ ಇತಿಹಾಸದ ತರಗತಿಯಲ್ಲಿ ಆ ಯುದ್ಧದ ಕಾರಣಗಳನ್ನು ಉರು ಹಚ್ಚಿಸಿದ್ದುಂಟು; ಪಟ್ಟಿಯಲ್ಲಿ ಒಂದು ಗಂಟಲಿನ ಹೆಸರು ಇರಲಿಲ್ಲ. ಫ್ರೆಡ್ರಿಕ್ ಬದುಕಿದ್ದರೆ ಚರಿತ್ರೆ ಬೇರೆ ದಾರಿ ಹಿಡಿಯುತ್ತಿತ್ತೇ ಎಂಬುದು ಇತಿಹಾಸಕಾರರು ಇಂದಿಗೂ ಚರ್ಚಿಸುವ ಪ್ರಶ್ನೆ. ನಮಗೆ ಬೇಕಾದ ಪಾಠ ಅದಕ್ಕಿಂತ ಚಿಕ್ಕದು, ಆದರೆ ಹತ್ತಿರದ್ದು: ಬಹುದಿನ ವಾಸಿಯಾಗದ ದನಿಯನ್ನು ಬರಿಯ ಶೀತವೆಂದು ತಳ್ಳಿಹಾಕಬಾರದು.

ಇನ್ನು ಧ್ವನಿತಂತುವಿನ ರಚನೆಗೆ ಬರೋಣ. 'ತಂತು' ಎಂಬ ಹೆಸರು ವೀಣೆಯ ತಂತಿಯನ್ನು ನೆನಪಿಗೆ ತರುತ್ತದೆ. ಆದರೆ ವಸ್ತು ಬೇರೆ. ಕಂಠದ ಎರಡು ಪಕ್ಕಗಳಿಂದ ಚಾಚಿದ ಎರಡು ಮೆತ್ತನೆಯ ಮಡಿಕೆಗಳವು. ಅವುಗಳ ಕಂಪನ ಬರಿಗಣ್ಣಿಗೆ ಮಸುಕು. ಮ್ಯೂನಿಕ್ಕಿನ ಮ್ಯಾಕ್ಸ್ ಓರ್ಟೆಲ್ 1878ರಲ್ಲಿ ಮಿನುಗುಬೆಳಕಿನ ತಂತ್ರವನ್ನು ಗಂಟಲಿಗೆ ಅನ್ವಯಿಸಿ, ಓಡುವ ಕಂಪನವನ್ನು ನಿಧಾನವಾದಂತೆ ಕಾಣಿಸಿದನು. 1940ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದವರು ಸೆಕೆಂಡಿಗೆ 4000 ಚಿತ್ರಗಳ ವೇಗದಲ್ಲಿ ಅದನ್ನು ಚಲನಚಿತ್ರವಾಗಿ ಹಿಡಿದರು. 1958ರಲ್ಲಿ ನೆದರ್ಲೆಂಡ್ಸಿನ ಯಾನ್‌ವಿಲೆಮ್ ಫಾನ್ ಡೆನ್ ಬೆರ್ಗ್, ಪ್ರತಿ ಕಂಪನಕ್ಕೂ ನರದ ಆಜ್ಞೆ ಬೇಕಿಲ್ಲವೆಂದೂ, ಉಸಿರಿನ ಒತ್ತಡ ಮತ್ತು ಮಡಿಕೆಗಳ ಸ್ಥಿತಿಸ್ಥಾಪಕತೆ ಇವೆರಡರ ಆಟದಿಂದಲೇ ಕಂಪನ ನಡೆಯುತ್ತದೆಂದೂ ವಿವರಿಸಿದನು. 1974ರಲ್ಲಿ ಜಪಾನಿನ ಕುರುಮೆ ವಿಶ್ವವಿದ್ಯಾಲಯದ ಮಿನೋರು ಹಿರಾನೊ, ಈ ಮಡಿಕೆ ಒಂದೇ ಮುದ್ದೆಯಲ್ಲ, ಪದರ ಪದರವಾದದ್ದು ಎಂದು ತೋರಿಸಿದನು: ತಳದಲ್ಲಿ ಗಟ್ಟಿಯಾದ ಸ್ನಾಯು, ಮೇಲೆ ಸಡಿಲವಾದ ಹೊದಿಕೆ. ಅಂಟಿಲ್ಲದ ಅಕ್ಕಿ ರೊಟ್ಟಿಯ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಜಾರಾಡುವಂತೆ ಈ ಹೊದಿಕೆ ಸ್ನಾಯುವಿನ ಮೇಲೆ ಅಲೆಯಾಡಬೇಕು. ಅಲೆ ಸಲೀಸಾದರೆ ದನಿ ಇಂಪು. ಹೊದಿಕೆ ಬಿಗಿಯಾದರೆ, ಊದಿದರೆ, ಅದರಡಿಯಲ್ಲಿ ಗಾಯದ ಕಲೆ ಕಟ್ಟಿದರೆ ದನಿ ಒಡಕು.

ಈ ಅಲೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಸಾಮಾನ್ಯ ಮಾತಿನಲ್ಲಿ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ, ಗಂಡಸರವು ನೂರಕ್ಕಿಂತ ಸ್ವಲ್ಪ ಹೆಚ್ಚು ಸಲ ಒಂದಕ್ಕೊಂದು ಬಡಿಯುತ್ತವೆ. ಇಂಗೋ ಟಿಟ್ಸೆ ಮತ್ತು ಸಂಗಡಿಗರು ಶಿಕ್ಷಕರ ಕುತ್ತಿಗೆಗೆ ಪುಟ್ಟ ಅಳತೆಯಂತ್ರ ಕಟ್ಟಿ ಎರಡು ವಾರ ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲಸದ ವೇಳೆಯ ಸುಮಾರು ಶೇಕಡಾ 23ರಷ್ಟು ಕಾಲ ಅವರ ಧ್ವನಿತಂತುಗಳು ಕಂಪಿಸುತ್ತಲೇ ಇದ್ದವು. ಐದು ಗಂಟೆಯ ಶಾಲೆಯಲ್ಲಿ ಅದು 4140 ಸೆಕೆಂಡು. ಇನ್ನೂರರಿಂದ ಗುಣಿಸಿದರೆ 8,28,000. ಒಬ್ಬ ಶಿಕ್ಷಕಿಯ ಗಂಟಲಿನಲ್ಲಿ ಒಂದು ದಿನಕ್ಕೆ ಎಂಟು ಲಕ್ಷಕ್ಕೂ ಮಿಕ್ಕಿ ಬಡಿತಗಳು! ಕೈಗಳನ್ನು ಅಷ್ಟು ಸಲ ಚಪ್ಪಾಳೆ ತಟ್ಟಿಸಿದರೆ ಅಂಗೈ ಏನಾದೀತು? ದನಿಯೇರಿಸಿದಷ್ಟೂ ಬಡಿತ ಬಿರುಸಾಗುತ್ತದೆ. ಧ್ವನಿತಂತು ಇಷ್ಟನ್ನೂ ತಾಳಿಕೊಂಡು ಮರುದಿನ ಮತ್ತೆ ಸಿದ್ಧವಾಗುತ್ತದೆಂದರೆ, ರಾತ್ರಿಯ ಹೊತ್ತು ಅಲ್ಲಿ ಯಾವುದೋ ದುರಸ್ತಿ ನಡೆಯುತ್ತಿರಲೇಬೇಕು.

ಆ ದುರಸ್ತಿಯ ಹೆಸರೇ ಉರಿಯೂತ. ಇಲ್ಲಿ ನಮ್ಮ ಕಥೆಗೆ ಇನ್ನೊಂದು ಹೊಳೆ ಬಂದು ಸೇರುತ್ತದೆ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಹಂಟರನ ಗ್ರಂಥ, ಅವನು ತೀರಿಕೊಂಡ ಮೇಲೆ 1794ರಲ್ಲಿ ಪ್ರಕಟವಾದದ್ದು, ಉರಿಯೂತವು ಸ್ವತಃ ರೋಗವಲ್ಲ, ಪೆಟ್ಟಿಗೆ ದೇಹವು ಕೊಡುವ ಹಿತಕರವಾದ ಉತ್ತರ ಎಂದು ವಾದಿಸಿತು. 1867ರಲ್ಲಿ ಯೂಲಿಯುಸ್ ಕೋನ್‌ಹೈಮ್ ಕಪ್ಪೆಯ ತೆಳುಪೊರೆಯನ್ನು ಸೂಕ್ಷ್ಮದರ್ಶಕದಡಿ ಹರಡಿ, ಬಿಳಿರಕ್ತಕಣಗಳು ರಕ್ತನಾಳದ ಗೋಡೆಯಿಂದ ನುಸುಳಿ ಹೊರಬರುವುದನ್ನು ಕಂಡು ವಿವರಿಸಿದನು. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ, ಮರುದಿನ ಅಲೆಮಾರಿ ಕೋಶಗಳು ಮುಳ್ಳನ್ನು ಮುತ್ತಿಕೊಂಡದ್ದನ್ನು ನೋಡಿದನು. 1908ರಲ್ಲಿ ಅವನಿಗೆ ನೊಬೆಲ್ ಬಹುಮಾನ ಸಂದಿತು. ಈ ಕೋಶಗಳು ಒಂದನ್ನೊಂದು ಕರೆಯುವುದು ರಾಸಾಯನಿಕ ಸಂದೇಶಗಳ ಮೂಲಕ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ತಿಳಿಯಿತು. 1979ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಗೋಷ್ಠಿಯೊಂದು ಅಂಥ ಕೆಲವು ಸಂದೇಶವಾಹಕಗಳಿಗೆ 'ಇಂಟರ್ಲ್ಯೂಕಿನ್' ಎಂದು ಹೆಸರಿಟ್ಟಿತು. ಬಿಳಿರಕ್ತಕಣಗಳ ನಡುವೆ ಓಡಾಡುವುದು ಎಂದು ಅದರ ಅರ್ಥ. ಕೆಲವು ಸಂದೇಶಗಳು ಉರಿಯೂತವನ್ನು ಹೊತ್ತಿಸುತ್ತವೆ, ಕೆಲವು ಆರಿಸುತ್ತವೆ. ಹೊತ್ತಿದ್ದು ಹೊತ್ತಿಗೆ ಸರಿಯಾಗಿ ಆರಿದರೆ ಗಾಯ ಮಾಯುತ್ತದೆ. ಆರದೆ ಹೊಗೆಯಾಡುತ್ತಲೇ ಇದ್ದರೆ ಗಂಟು, ಕಲೆ, ಬಿಗಿತ.

ಧ್ವನಿತಂತುವಿನಲ್ಲಿ ಹೀಗಾಗುವುದುಂಟೇ? 1990ರ ದಶಕದಲ್ಲಿ ಅಮೆರಿಕದ ವೈದ್ಯ ಸ್ಟೀವನ್ ಗ್ರೇ, ಧ್ವನಿತಂತುಗಳ ಮೇಲೆ ಏಳುವ ಗಂಟುಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿ, ಹೊದಿಕೆಯ ಮೇಲ್ಪದರವನ್ನು ಕೆಳಗಿನ ಪದರಕ್ಕೆ ಬಿಗಿದಿಡುವ ಎಡೆಯಲ್ಲಿ ಪೆಟ್ಟಿನ ಗುರುತುಗಳನ್ನು ತೋರಿಸಿದ್ದನು. ಆದರೆ ಇಂಥ ಪರೀಕ್ಷೆಗೆ ತುಣುಕು ಕತ್ತರಿಸಿ ತೆಗೆಯಬೇಕು. ಮಾತನಾಡಿ ದಣಿದ ಆರೋಗ್ಯವಂತನ ಗಂಟಲನ್ನು ಕತ್ತರಿಸಿ ನೋಡುವಂತಿಲ್ಲ. ನೋಡಿದರೆ ಆ ಗಾಯವೇ ಶಾಶ್ವತ ದೋಷವಾದೀತು.

ಈ ಬಿಕ್ಕಟ್ಟನ್ನು ಬಿಡಿಸಿದ ತಂಡದ ಮುಂದಾಳು ಕ್ಯಾಥರೀನ್ ವರ್ಡೋಲಿನಿ ಆ್ಯಬಟ್ ಎಂಬ ವಿಜ್ಞಾನಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಇವರೂ ಸಂಗಡಿಗರೂ ಕತ್ತರಿಸುವ ಬದಲು ಒರೆಸಿ ತೆಗೆಯುವ ದಾರಿ ಹಿಡಿದರು. ಧ್ವನಿತಂತುಗಳ ಮೇಲೆ ಸದಾ ತೆಳುವಾದ ಲೋಳೆ ಇರುತ್ತದೆ. ಉರಿಯೂತದ ಸಂದೇಶವಾಹಕಗಳು ಅದರೊಳಕ್ಕೂ ಇಳಿದಿರಬೇಕಲ್ಲವೇ? ನವುರಾದ ಕೊಳವೆಯಿಂದ ಆ ಲೋಳೆಯನ್ನು ಹೀರಿ ತೆಗೆದು, ಪ್ರಯೋಗಾಲಯದಲ್ಲಿ ಅಳೆದರು. ಗಟ್ಟಿಯಾಗಿ ದನಿ ಬಳಸಿದ ಮೇಲೆ ಲೋಳೆಯಲ್ಲಿ ಆಗುವ ಬದಲಾವಣೆಯನ್ನು ಹೀಗೆ ಅಳೆಯಬಹುದೆಂದು 2003ರ ಪ್ರಾರಂಭಿಕ ವರದಿಯೊಂದು ತೋರಿಸಿತು. ಮೇಷ್ಟರ ದಣಿದ ಗಂಟಲು ಬರಿಯ ಆಯಾಸವಲ್ಲ, ಅಲ್ಲಿ ಅಳೆಯಬಹುದಾದ ಗಾಯವೂ ಮಾಯುವಿಕೆಯೂ ಇವೆ ಎಂಬುದಕ್ಕೆ ಹೀಗೆ ಆಧಾರ ಸಿಕ್ಕಿತು.

ಇದೇ ತಂಡದ 2012ರ ಪ್ರಯೋಗ ಇನ್ನಷ್ಟು ಕುತೂಹಲದ್ದು. ದನಿಯ ತೊಂದರೆಯಿಲ್ಲದ ಒಂಬತ್ತು ಮಂದಿಯನ್ನು ಒಂದು ಗಂಟೆ ದನಿ ದಣಿಯುವಂತೆ ದುಡಿಸಿದರು. ಆಮೇಲೆ ಅವರನ್ನು ಚೀಟಿಯೆತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿನವರು ಎಂದಿನಂತೆ ಮಾತನಾಡಬೇಕು, ಎರಡನೆಯವರು ಮೌನವಾಗಿರಬೇಕು, ಮೂರನೆಯವರು ಹಗುರವಾದ ಅನುರಣನದ ಅಭ್ಯಾಸ ಮಾಡಬೇಕು. ಈ ಅಭ್ಯಾಸವೆಂದರೆ, ತುಟಿ ಮುಚ್ಚಿ 'ಮ್' ಎಂದು ಗುಂಯ್‌ಗುಟ್ಟುವಾಗ ತುಟಿ ಮತ್ತು ಮುಖದ ಮುಂಭಾಗ ನವಿರಾಗಿ ಅದುರುತ್ತದಲ್ಲ, ಆ ರೀತಿಯಲ್ಲಿ ಒತ್ತಡವಿಲ್ಲದೆ ದನಿ ತೆಗೆಯುವುದು. ಅಂಥ ದನಿಯಲ್ಲಿ ತಂತುಗಳು ಅಗಲವಾಗಿ ಅಲೆಯಾಡುತ್ತವೆ, ಆದರೆ ಒಂದಕ್ಕೊಂದು ಬಲವಾಗಿ ಬಡಿಯುವುದಿಲ್ಲ. ಮರುದಿನ ಮತ್ತೆ ಲೋಳೆ ತೆಗೆದು ಅಳೆದಾಗ, ಮಾತನಾಡಿದವರ ಸ್ಥಿತಿ ಎಲ್ಲಕ್ಕಿಂತ ಕೆಟ್ಟಿತ್ತು. ಮೌನವಾಗಿದ್ದವರದು ಬಹಳ ಸುಧಾರಿಸಿತ್ತು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಗುಂಯ್‌ಗುಟ್ಟಿದವರದು!

ಗಣಿತದ ಮೇಷ್ಟರ ಬಳಿ ಕಲಿತ ನೀವು ಇಲ್ಲಿ ತಡೆದು ಕೇಳಬೇಕು: ಒಂಬತ್ತು ಜನರಿಂದ ಎಷ್ಟು ಹೇಳಲಾದೀತು? ಸಂಶೋಧಕರೂ ಅದನ್ನು ಮುಚ್ಚಿಟ್ಟಿಲ್ಲ. ಮೂರು ಸೂಚಕಗಳ ಪೂರ್ತಿ ಅಳತೆ ದೊರೆತದ್ದು ಒಂದೊಂದು ಗುಂಪಿನಲ್ಲಿ ಒಬ್ಬೊಬ್ಬರಿಂದ ಮಾತ್ರ. ಉಳಿದವರ ಸರಾಸರಿಯೂ ಅದೇ ದಿಕ್ಕಿನಲ್ಲಿತ್ತು. ಲೇಖನದ ಶೀರ್ಷಿಕೆಯಲ್ಲಿಯೇ ದನಿಯ ವ್ಯಾಯಾಮ ಉರಿಯೂತವನ್ನು 'ತಗ್ಗಿಸಬಹುದು' ಎಂದಿದೆಯೇ ಹೊರತು 'ತಗ್ಗಿಸುತ್ತದೆ' ಎಂದಿಲ್ಲ. ಈ ಒಂದು ಕ್ರಿಯಾಪದದ ಸಂಕೋಚದಲ್ಲಿ ವಿಜ್ಞಾನದ ಶೀಲವಿದೆ.

ಆದರೂ ಈ ಫಲಿತಾಂಶ ಒಂಟಿಯಲ್ಲ. ಇದೇ ತಂಡದ ರಯಾನ್ ಬ್ರಾನ್ಸ್ಕಿ ಮತ್ತಿತರರು 2007ರಲ್ಲಿ, ಪ್ರಯೋಗಾಲಯದಲ್ಲಿ ಬೆಳೆಸಿದ ಧ್ವನಿತಂತುವಿನ ಕೋಶಗಳಿಗೆ ಉರಿಯೂತ ಹೊತ್ತಿಸುವ ಇಂಟರ್ಲ್ಯೂಕಿನ್ ಸೇರಿಸಿ, ಜೊತೆಗೇ ಅವುಗಳನ್ನು ಲಯಬದ್ಧವಾಗಿ ಹಿಗ್ಗಿಸಿ ಕುಗ್ಗಿಸಿದಾಗ ಉರಿಯೂತದ ಪ್ರತಿಕ್ರಿಯೆ ಕಡಿಮೆಯಾದದ್ದನ್ನು ವರದಿ ಮಾಡಿದ್ದರು. 2017ರಲ್ಲಿ ಜಪಾನಿನ ಕ್ಯೋಟೋ ನಗರದ ವೈದ್ಯರು, ಧ್ವನಿತಂತುವಿನ ಶಸ್ತ್ರಕ್ರಿಯೆಯಾದ ಮೇಲೆ ಏಳು ದಿನ ಮೌನವಾಗಿದ್ದವರಿಗಿಂತ, ಮೂರು ದಿನ ಮೌನವಾಗಿದ್ದು ಬೇಗ ಧ್ವನಿಚಿಕಿತ್ಸೆ ಆರಂಭಿಸಿದವರು ಚೆನ್ನಾಗಿ ಚೇತರಿಸಿಕೊಂಡರೆಂದು ತೋರಿಸಿದರು. ಮೂಳೆ ಮುರಿದು ಕಟ್ಟು ಬಿಚ್ಚಿದ ಮೇಲೆ ಕೈಯನ್ನು ಮೆಲ್ಲನೆ ಆಡಿಸಬೇಕೆಂದು ವೈದ್ಯರು ಹೇಳುವುದಿಲ್ಲವೇ? ಗಂಟಲಿಗೂ ಅದೇ ನ್ಯಾಯ ಎಂಬ ತಿಳಿವಳಿಕೆ ಬಲವಾಗುತ್ತಿದೆ. ಪೂರ್ಣ ಮೌನಕ್ಕೂ ಒಂದು ಮಿತಿಯಿದೆ. ಹದವಾದ ಚಲನೆಯೂ ಔಷಧ.

ವರ್ಡೋಲಿನಿಯವರ ತಂಡದಲ್ಲಿ ಕೆಲಸ ಮಾಡಿದ ನಿಕೋಲ್ ಲೀ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎಲ್ಲರ ಗಾಯವೂ ಒಂದೇ ರೀತಿ ಮಾಯುವುದಿಲ್ಲ. ಒಬ್ಬಳು ಶಿಕ್ಷಕಿ ಮೂವತ್ತು ವರ್ಷ ಕೂಗಿ ಪಾಠ ಹೇಳಿದರೂ ದನಿ ಗಟ್ಟಿಯಾಗಿರುತ್ತದೆ; ಇನ್ನೊಬ್ಬಳಿಗೆ ಎರಡನೆಯ ವರ್ಷಕ್ಕೇ ಗಂಟು ಏಳುತ್ತದೆ. ಹಾಗಾದರೆ ಇಂಥವರ ಗಂಟಲಿಗೆ ಇಂಥ ಚಿಕಿತ್ಸೆ ಎಂದು ಮುಂಚಿತವಾಗಿ ಹೇಳಲು ಸಾಧ್ಯವೇ? ಲೀ ಮತ್ತು ಸಂಗಡಿಗರು ಗಣಕಯಂತ್ರದಲ್ಲಿ ಒಂದು ಕೃತಕ ಧ್ವನಿತಂತುವನ್ನು ನಿರ್ಮಿಸಿದರು. ಅದರಲ್ಲಿ ಬಿಳಿರಕ್ತಕಣಗಳಿವೆ, ಗಾಯ ಹೊಲಿಯುವ ನಾರಿನ ಕೋಶಗಳಿವೆ, ಅವು ಕಳಿಸುವ ಸಂದೇಶಗಳಿವೆ. ಪ್ರತಿಯೊಂದು ಕೋಶಕ್ಕೂ ತನ್ನದೇ ನಿಯಮ. ಚದುರಂಗದ ಕಾಯಿಗಳಂತೆ ಅವು ನಡೆಯನ್ನಿಡುತ್ತವೆ. ಒಬ್ಬ ವ್ಯಕ್ತಿಯ ಲೋಳೆಯಲ್ಲಿ ಅಳೆದ ಪ್ರಮಾಣಗಳನ್ನು ಯಂತ್ರಕ್ಕೆ ಉಣಿಸಿದರೆ, ಮುಂದಿನ ಗಂಟೆಗಳಲ್ಲಿ ಉರಿಯೂತ ಹೇಗೆ ಏರಿಳಿಯಬಹುದೆಂದು ಅದು ಅಂದಾಜು ಹೇಳುತ್ತದೆ. 2008ರಲ್ಲಿ ಈ ಕೆಲಸ ಪ್ರಕಟವಾಯಿತು. ಮುಂದೆ ಲೀಯವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಬೆಳೆಸಿದರು. ಪ್ರತಿಯೊಬ್ಬ ವಿದ್ಯಾರ್ಥಿಗೂ ಅವನ ಶಕ್ತಿಗೆ ತಕ್ಕ ಪಾಠ ಬೇಕೆಂದು ನಾವು ಶಿಕ್ಷಕರು ಹೇಳುತ್ತ ಬಂದದ್ದನ್ನು ಇವರು ಗಂಟಲಿಗೆ ಹೇಳುತ್ತಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಗಂಟಲಿನ ಉರಿಯೂತಕ್ಕೆಲ್ಲ ಹೊಟ್ಟೆಯ ಹುಳಿಯೇ ಕಾರಣವೆಂದು ಹೇಳಿ, ಹುಳಿ ತಗ್ಗಿಸುವ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವ ರೂಢಿ 1990ರ ದಶಕದಿಂದ ಹಬ್ಬಿತು. ಹುಳಿ ಮೇಲಕ್ಕೇರಿ ಗಂಟಲನ್ನು ಕೆರಳಿಸುವುದು ಸುಳ್ಳಲ್ಲ. ಆದರೆ ಗಂಟಲಿನ ದೀರ್ಘಕಾಲದ ತೊಂದರೆಗಳಿದ್ದ 346 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅಂಥ ಒಂದು ಮಾತ್ರೆ ಹುಸಿಮಾತ್ರೆಗಿಂತ ಹೆಚ್ಚು ಗುಣವನ್ನೇನೂ ಕೊಡಲಿಲ್ಲ. ಒಂದೇ ಕಾರಣಕ್ಕೆ ಎಲ್ಲವನ್ನೂ ಹೊರಿಸುವ ಅಭ್ಯಾಸ ಇತಿಹಾಸದಲ್ಲಿಯೂ ಅಪಾಯ, ವೈದ್ಯದಲ್ಲಿಯೂ ಅಪಾಯ.

ಈಗ ನಮ್ಮ ವೃತ್ತಿಯ ಮಾತು. ಅಮೆರಿಕದ ಅಯೋವಾ ಮತ್ತು ಯೂಟಾ ರಾಜ್ಯಗಳಲ್ಲಿ 1243 ಶಿಕ್ಷಕರನ್ನೂ 1288 ಇತರರನ್ನೂ ವಿಚಾರಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬದುಕಿನಲ್ಲಿ ಒಮ್ಮೆಯಾದರೂ ಸ್ವರದೋಷ ಅನುಭವಿಸಿದವರು ಶಿಕ್ಷಕರಲ್ಲಿ ಶೇಕಡಾ 57.7, ಇತರರಲ್ಲಿ ಶೇಕಡಾ 28.8. ಸರಿಸುಮಾರು ಇಮ್ಮಡಿ. ಅಲ್ಲಿಯ ತರಗತಿಗಳೇ ಹೀಗಾದರೆ, ಅರವತ್ತು ಎಪ್ಪತ್ತು ಮಕ್ಕಳು, ತಗಡಿನ ಮಾಡಿನ ಮೇಲೆ ಆಷಾಢದ ಮಳೆ, ಪಕ್ಕದ ಕೋಣೆಯಿಂದ ಮಗ್ಗಿಯ ಗದ್ದಲ, ಕರಿಹಲಗೆಯ ಸೀಮೆಸುಣ್ಣದ ಧೂಳು ಇವುಗಳ ನಡುವೆ ಪಾಠ ಹೇಳಿದ ನಮ್ಮವರ ಪಾಡನ್ನು ಯೋಚಿಸಿ. ನಮ್ಮ ಕಾಲದ ಉಪಾಧ್ಯಾಯರ ಕೊಠಡಿಯಲ್ಲಿ ಮೇಜಿನ ಸೆಳೆಖಾನೆ ತೆರೆದರೆ ಹಾಜರಿ ಪುಸ್ತಕದ ಪಕ್ಕದಲ್ಲಿ ಜ್ಯೇಷ್ಠಮಧುವಿನ ಕಡ್ಡಿಯೋ ಒಣಶುಂಠಿಯ ಪೊಟ್ಟಣವೋ ಇದ್ದೇ ಇರುತ್ತಿತ್ತು. ಗಂಟಲು ಕಟ್ಟುವುದನ್ನು ನಾವು ಕಾಯಿಲೆಯೆಂದು ಎಣಿಸಲಿಲ್ಲ, ಕೆಲಸದ ಒಂದು ಭಾಗವೆಂದು ಎಣಿಸಿದೆವು. ಅದಕ್ಕಾಗಿ ರಜೆ ಕೇಳಲು ನಾಚುತ್ತಿದ್ದೆವು.

ನಾಚಬೇಕಾದದ್ದೇನೂ ಇಲ್ಲವೆಂದು ಈಗ ತಿಳಿದಿದೆ. 2002ರಲ್ಲಿ ಸ್ವರದೋಷವಿದ್ದ 44 ಶಿಕ್ಷಕರನ್ನು ಮೂರು ಗುಂಪು ಮಾಡಿ ನಡೆಸಿದ ಪರೀಕ್ಷೆಯೊಂದರಲ್ಲಿ, ಗಂಟಲನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬ ಉಪದೇಶ ಮಾತ್ರ ಪಡೆದವರಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಧ್ವನಿವರ್ಧಕ ಪಡೆದವರ ದನಿ ಸುಧಾರಿಸಿತು. ಉಪದೇಶಕ್ಕಿಂತ ಉಪಕರಣ ಮೇಲಾಯಿತು. ಉಪದೇಶವನ್ನೇ ಕಸುಬಾಗಿಸಿಕೊಂಡಿದ್ದ ನನ್ನಂಥವರಿಗೆ ಇದು ಕೊಂಚ ಕಹಿಯಾದರೂ ಸತ್ಯ. ಯಾವ ಶಾಲೆಯ ಆಡಳಿತ ಮಂಡಳಿಯಲ್ಲಿ ನೀವು ಇದ್ದೀರೋ ಅಲ್ಲಿ ಈ ಮಾತನ್ನು ಎತ್ತಿ. ಬಣ್ಣದ ಕಮಾನಿಗೆ ಆಗುವ ಖರ್ಚಿನಲ್ಲಿ ಹಲವು ಶಿಕ್ಷಕರಿಗೆ ಧ್ವನಿವರ್ಧಕ ಕೊಡಿಸಬಹುದು.

ನಮ್ಮ ನಾಡಿನವರಿಗೆ ಇನ್ನೊಂದು ಅನುಕೂಲವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದದ್ದು. ಮಾತು ಮತ್ತು ಕಿವಿಯ ತೊಂದರೆಗಳಂತೆಯೇ ದನಿಯ ತೊಂದರೆಗೂ ಅಲ್ಲಿ ಪರೀಕ್ಷೆ, ಚಿಕಿತ್ಸೆ, ತರಬೇತಿ ಇವೆ. ಕಿವುಡಿಗೆ ಮಾತ್ರ ಆ ಸಂಸ್ಥೆ ಎಂದು ತಿಳಿದವರು ನಮ್ಮ ಬಂಧುಗಳಲ್ಲಿಯೇ ಹಲವರಿದ್ದಾರೆ, ಹಾಗಲ್ಲ.

ಇಷ್ಟೆಲ್ಲ ಇತಿಹಾಸದಿಂದ ನೀವು ಉಳಿಸಿಕೊಳ್ಳಬೇಕಾದುದು ಕೆಲವೇ ಮಾತು. ದನಿ ಕಟ್ಟಿದ ದಿನ ಕೂಗಬೇಡಿ. ಪಿಸುಮಾತೂ ವಿಶ್ರಾಂತಿಯೆಂದು ನಂಬಬೇಡಿ. 2006ರ ಅಧ್ಯಯನವೊಂದರಲ್ಲಿ ನೂರು ರೋಗಿಗಳನ್ನು ಪಿಸುಗುಟ್ಟಿಸಿ ಗಂಟಲೊಳಗೆ ನೋಡಿದಾಗ 69 ಮಂದಿಯಲ್ಲಿ ಬಿಗಿತ ಹೆಚ್ಚಿತ್ತು. ನೀರು ಕುಡಿಯಿರಿ, ಹೊಗೆಯಿಂದ ದೂರವಿರಿ. ಗುಂಯ್‌ಗುಟ್ಟುವ ಅಭ್ಯಾಸವನ್ನು ಓದಿ ಕಲಿಯದೆ, ಬಲ್ಲವರೆದುರು ಕುಳಿತು ಕಲಿಯಿರಿ. ತಪ್ಪಾಗಿ ಮಾಡಿದ ವ್ಯಾಯಾಮ ಮತ್ತೊಂದು ಪೆಟ್ಟು. ಎಲ್ಲಕ್ಕಿಂತ ಮುಖ್ಯವಾಗಿ, ದನಿ ಒಡೆದು ನಾಲ್ಕು ವಾರವಾದರೂ ಸರಿಹೋಗದಿದ್ದರೆ ಗಂಟಲುತಜ್ಞರಿಂದ ಒಳಗಣ್ಣು ಹಾಕಿಸಿ ನೋಡಿಸಿ. ಅಮೆರಿಕದ ಗಂಟಲುತಜ್ಞರ ಸಂಘ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಹೊಗೆಸೊಪ್ಪಿನ ಅಭ್ಯಾಸವಿದ್ದರೆ, ಕತ್ತಿನಲ್ಲಿ ಗಂಟು ಕಂಡರೆ, ಉಸಿರಾಟಕ್ಕೆ ತೊಡಕಾದರೆ ಅಷ್ಟೂ ದಿನ ಕಾಯಬೇಡಿ.

ಚಕ್ರವರ್ತಿ ಫ್ರೆಡ್ರಿಕ್‌ನಿಗೆ ಯುರೋಪಿನ ಶ್ರೇಷ್ಠ ವೈದ್ಯರೆಲ್ಲ ಇದ್ದರೂ ಒಳಗಿನ ಸಂಗತಿ ಹೊತ್ತಿಗೆ ಸರಿಯಾಗಿ ತಿಳಿಯಲಿಲ್ಲ. ಇಂದು ತಾಲ್ಲೂಕು ಕೇಂದ್ರದ ಒಬ್ಬ ಸಾಮಾನ್ಯ ಶಿಕ್ಷಕಿಗೂ ಅವನಿಗೆ ದೊರೆಯದ ನೋಟ ದೊರೆಯಬಹುದು. ದೊರೆಯುವುದನ್ನು ಕೇಳಿ ಪಡೆಯುವ ಕೆಲಸ ಮಾತ್ರ ನಿಮ್ಮದು. ನಿಮ್ಮಲ್ಲಿ ಯಾರಿಗಾದರೂ ಈ ತಿಂಗಳು ದನಿ ಕಟ್ಟಿದ್ದರೆ, ನಾಳೆಯ ಮೊದಲ ಅವಧಿಯಲ್ಲಿ ಮಕ್ಕಳ ಕೈಯಲ್ಲಿಯೇ ಪಾಠ ಓದಿಸಿ, ನೀವು ಕುಳಿತು ಕೇಳಿ.